ಇನ್ನೂರ ಹದಿನಾಲ್ಕೂ ಪಾಸ್

ಹಾವೇರಿ
೯ ಆಗಸ್ಟ್ ೨೦೨೪

ಧನಶ್ರೀ,

ಕಾಗದದ ಮೇಲೆ ಬರೆಯುತ್ತಿದ್ದೇನೆ. ನಮ್ಮ ಓದುದನಿ ಆಪಿನ ಕೆಲಸದಲ್ಲಿ ನಾವು ಆಡುವ ಮಾತೆಲ್ಲ ಬಯಲಿನಲ್ಲೇ ಇರುತ್ತದೆ, ಯಾವ ಊರಿನವರು ಬೇಕಾದರೂ ತೆರೆದು ಓದಬಹುದು. ಇದನ್ನು ಈಗಲೇ ಎಲ್ಲರೂ ಓದುವುದು ಬೇಡ. ಫೋನ್ ಮಾಡಬಹುದಿತ್ತು. ಬಸ್ಸು ಹತ್ತಿ ರಾಣೇಬೆನ್ನೂರಿಗೇ ಬರಬಹುದಿತ್ತು. ಆದರೆ ನಿನ್ನ ದನಿ ಕೇಳಲು ನನ್ನಿಂದ ಆಗುತ್ತಿಲ್ಲ.

ನಿನ್ನೆ ಮಧ್ಯಾಹ್ನ ಕಾಲೇಜಿನಲ್ಲಿ ಕ್ಲಾಸು ಮುಗಿಸಿ ಬಂದಾಗ ನಮ್ಮ ಸಹಾಯವಾಣಿಯ ಫೋನಿನಲ್ಲಿ ಒಂದು ಧ್ವನಿಸಂದೇಶ ಬಿದ್ದಿತ್ತು. ಬ್ಯಾಡಗಿಯ ರೇಣುಕವ್ವ ಎಂಬುವವರದು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಎರಡು ವರ್ಷದಿಂದ ಫೋನಿಗೆ ಬರುವ ಕನ್ನಡವನ್ನೆಲ್ಲ ಓದುದನಿಯಿಂದಲೇ ಓದಿಸಿಕೊಳ್ಳುತ್ತಾರೆ. ಅವರ ಐದು ತಿಂಗಳ ಮಗಳಿಗೆ ಜ್ವರ ಬಂದಿತ್ತು. ಡಾಕ್ಟರು ಹನಿ ಔಷಧ ಕೊಟ್ಟು, ಎಷ್ಟು ಹಾಕಬೇಕೆಂಬುದನ್ನು ಕನ್ನಡದಲ್ಲೇ ಮೆಸೇಜು ಮಾಡಿದ್ದರು. ೦.೫ ಎಂಎಲ್, ದಿನಕ್ಕೆ ಮೂರು ಸಲ. ಮುಂದಿನದನ್ನು ರೇಣುಕವ್ವನ ಮಾತಿನಲ್ಲೇ ಬರೆಯುತ್ತೇನೆ.

"ಅಕ್ಕಾರ, ನಿಮ್ಮ ಆಪು ಐದು ಎಂಎಲ್ ಅಂತು. ನಾ ಮೂರು ಸಲ ಓದಿಸಿ ಕೇಳೇನಿ. ಮೂರೂ ಸಲ ಐದು ಅಂತು. ಆ ಹನಿ ಹಾಕೂ ನಳಗಿ ಒಂದು ಎಂಎಲ್‌ದು. ಐದು ಸಲ ತುಂಬಿ ಹಾಕೀನಿ. ನಿನ್ನೆ ಮುಂಜಾನಿ ಒಮ್ಮೆ, ಮಧ್ಯಾಹ್ನ ಒಮ್ಮೆ. ಈಗ ಕೂಸು ಹಾವೇರಿ ದವಾಖಾನ್ಯಾಗ ಐತಿ. ಡಾಕ್ಟರು ಅರ್ಧಾ ಅಂತ ಬರದಾರಂತ. ಬ್ಯಾರೇದಾರಿಗೂ ಹಿಂಗ ಓದಿಗೀದೀತು, ಲಗೂ ನೋಡ್ರಿ."

ಬೈಗುಳ ಒಂದೂ ಇರಲಿಲ್ಲ. ಬೇರೆಯವರಿಗೆ ಹೀಗಾಗಬಾರದು ಎಂದು ಆ ತಾಯಿ ದವಾಖಾನೆಯ ಬೆಂಚಿನ ಮೇಲೆ ಕೂತು ನಮಗೆ ಎಚ್ಚರಿಕೆ ಕೊಟ್ಟಿದ್ದಾರೆ.

ನನ್ನ ಫೋನಿನಲ್ಲಿ ಹೊಸ ಆವೃತ್ತಿ ಹಾಕಿ, ೦.೫ ಎಂದು ಬರೆದು ಓದಿಸಿದೆ. ಐದು ಎಂದಿತು. ನಿನ್ನ ದನಿ. ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಫ್ಯಾನಿನ ಸದ್ದು ಬರಬಾರದೆಂದು ಅದನ್ನು ಆರಿಸಿ, ಬೆವರು ಒರೆಸಿಕೊಳ್ಳುತ್ತ ನೀನು ಓದಿ ನಾನು ಮುದ್ರಿಸಿಕೊಂಡ ದನಿ. ಕೂಡಲೇ ಬಳಸುವವರೆಲ್ಲರಿಗೂ ಹೊಸದನ್ನು ಹಿಂತೆಗೆದು ಹಳೆಯದನ್ನೇ ಬಿಟ್ಟೆ. ಆಮೇಲೆ ದಾಖಲೆ ತೆರೆದೆ. "ಆವೃತ್ತಿ ೩.೨. ಕಿವಿಯಿಂದ ಕೇಳಿ ನೋಡುವ ಪರೀಕ್ಷೆಗಳು ೨೧೪. ಎಲ್ಲವೂ ಪಾಸ್. ಪರೀಕ್ಷಿಸಿದವರು: ತಸ್ಲೀಮ್. ೨೬ ಜುಲೈ."

ಜುಲೈ ಇಪ್ಪತ್ತಾರರಂದು ನಾನು ಕರ್ಜಗಿಗೆ ಚಿಕ್ಕಮ್ಮನ ಮಣ್ಣಿಗೆ ಹೋಗಿದ್ದೆ. ಅದು ನಿನಗೆ ಗೊತ್ತಿತ್ತು. ಅಮ್ಮಿಯ ಕಣ್ಣಿನ ಆಪರೇಷನ್ ಆದಾಗ ತುರ್ತಿಗೆ ಬೇಕಾದೀತೆಂದು ನಾನೇ ನಿನಗೆ ನನ್ನ ಪಾಸ್‌ವರ್ಡ್ ಕೊಟ್ಟಿದ್ದೆ. ಅದನ್ನೇ ಬಳಸಿದ್ದೀಯ. ಸೊನ್ನೆ ಮತ್ತು ಬಿಂದು ಇರುವ ಸಂಖ್ಯೆಯನ್ನು ಸರಿಯಾಗಿ ಓದುತ್ತದೆಯೇ ಎಂಬುದು ಆ ಪಟ್ಟಿಯಲ್ಲಿ ನಲವತ್ತೊಂದನೆಯ ಪರೀಕ್ಷೆ. ಕೇಳಲು ಒಂದು ನಿಮಿಷ ಸಾಕು.

ನಿನ್ನೆ ಊಟಕ್ಕೆ ಕೂತವಳು ತುತ್ತು ಉಗುಳಿ ಎದ್ದೆ. ಬಾಯಲ್ಲಿ ನನ್ನ ಹೆಸರೇ ಹಳಸಿದ ಹಾಗಿತ್ತು. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಇನ್ನೂರ ಹದಿನಾಲ್ಕರಲ್ಲಿ ನೀನು ಎಷ್ಟನ್ನು ಕೇಳಿದೆ?

ತಸ್ಲೀಮ್


ರಾಣೇಬೆನ್ನೂರು
೧೬ ಆಗಸ್ಟ್ ೨೦೨೪

ತಸ್ಲೀಮ್,

ಕೂಸು ಹೇಗಿದೆ ಎಂದು ನೀನು ಮೊದಲು ಬರೆಯಬೇಕಿತ್ತು. ನಾಲ್ಕು ಪುಟ ಬರೆದು ಅದೊಂದನ್ನು ಬಿಟ್ಟಿದ್ದೀಯ. ಆರಾಮಾಗಿ ಮನೆಗೆ ಹೋಯಿತೆಂದು ವಿಜಯೇಂದ್ರ ಸರ್ ಹೇಳಿದ ಮೇಲೆ ನನಗೆ ಉಸಿರು ಬಂತು.

ಜುಲೈ ಇಪ್ಪತ್ತೆಂಟರ ಕಾರ್ಯಕ್ರಮ ನಿನಗೂ ಗೊತ್ತು. ಅಂಗವಿಕಲರಿಗೆ ಫೋನು ಹಂಚುವವರಿದ್ದರು, ಪ್ರತಿ ಫೋನಿನಲ್ಲೂ ನಮ್ಮ ಹೊಸ ಆವೃತ್ತಿ ಇರಬೇಕೆಂದು ಮಾತಾಗಿತ್ತು. ಸಂಚಾಲಕರಾದ ವಿಜಯೇಂದ್ರ ಸರ್ ಬ್ಯಾನರಿನಲ್ಲಿ ಆವೃತ್ತಿಯ ನಂಬರನ್ನೂ ಹಾಕಿಸಿಬಿಟ್ಟಿದ್ದರು. ನೀನು ಸಾವಿನ ಮನೆಯಲ್ಲಿದ್ದೆ, ಅಲ್ಲಿಗೆ ಫೋನ್ ಮಾಡಿ ಪಟ್ಟಿಯ ಮಾತು ಆಡಲೇ? ಕಂಪ್ಯೂಟರು ತಾನೇ ನಡೆಸುವ ಪರೀಕ್ಷೆಗಳೆಲ್ಲ ಹಸಿರು ತೋರಿಸಿದ್ದವು. ಓದುವ ವೇಗ ಹೆಚ್ಚಿಸಲು ಸಂಖ್ಯೆಯ ಭಾಗದಲ್ಲಿ ಎರಡು ಸಾಲು ಬದಲಾಯಿಸಿದ್ದೆವು, ಅಷ್ಟೆ. ಅದರಿಂದ ಇಷ್ಟಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಇನ್ನೊಂದು ಮಾತು. ಇದು ಪುಕ್ಕಟೆ ಹಂಚುವ ಓಪನ್ ಸೋರ್ಸ್ ಆಪು. ನಾವು ಯಾರ ಸಂಬಳಕ್ಕೂ ಇರುವವರಲ್ಲ. ಯಾವುದೇ ಖಾತರಿ ಇಲ್ಲ ಎಂದು ಲೈಸೆನ್ಸಿನ ಮೊದಲ ಪುಟದಲ್ಲೇ ಬರೆದಿದೆ. ನಳಿಗೆಯನ್ನು ಐದು ಸಲ ತುಂಬಬೇಕಾಗಿ ಬಂದಾಗ ಆ ತಾಯಿ ಪಕ್ಕದ ಮನೆಯವರನ್ನಾದರೂ ಕೇಳಬಹುದಿತ್ತಲ್ಲ?

ನೀನು ಕೇಳಿದ್ದಕ್ಕೆ ಉತ್ತರ: ಹನ್ನೊಂದು.

ಧನಶ್ರೀ


ಹಾವೇರಿ
೨೨ ಆಗಸ್ಟ್ ೨೦೨೪

ಧನಶ್ರೀ,

ನಿನ್ನ ಪತ್ರವನ್ನು ಓದಿ ಕೈ ತೊಳೆದುಕೊಂಡೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಬಚ್ಚಲಿಗೆ ಹೋಗಿ ತೊಳೆದುಕೊಂಡೆ. ಅಮ್ಮಿ "ಏನು ಮುಟ್ಟಿ ಬಂದಿ?" ಎಂದರು.

ನೀನು ಬೀಜದ ಕಂಪನಿಯ ಲ್ಯಾಬಿನಲ್ಲಿರುವವಳು. ನಾನೂರು ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಮೊಳಕೆ ಎಷ್ಟು ಬಂತೆಂದು ಒಂದೊಂದಾಗಿ ಎಣಿಸದೆ ಚೀಲದ ಮೇಲೆ ಚೀಟಿ ಅಂಟಿಸುತ್ತೀಯಾ? ಹನ್ನೊಂದು ಬೀಜ ನೋಡಿ ಅಂಟಿಸುತ್ತೀಯಾ? ಅಲ್ಲಿ ನಿನ್ನ ಸಹಿ ಇರುತ್ತದೆ, ಇಲ್ಲಿ ನನ್ನದಿತ್ತು. ವ್ಯತ್ಯಾಸ ಅದೇ ಇರಬೇಕು.

ಭಾನುವಾರ ಬ್ಯಾಡಗಿಗೆ ಹೋಗಿದ್ದೆ. ರೇಣುಕವ್ವನ ಗಂಡ ಮೈಲೇಶ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದಾನೆ. ಅತ್ತೆ ಬೀರವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಾರೆ. ಅವತ್ತು ಮಧ್ಯಾಹ್ನ ಅವರು ಕೆಲಸದಿಂದ ಬಂದು, ಸೊಸೆ ಮೂರನೆಯ ನಳಿಗೆ ತುಂಬುತ್ತಿದ್ದುದನ್ನು ಕಂಡಿದ್ದಾರೆ. ಅವರಿಗೆ ಓದಲು ಬರುವುದಿಲ್ಲ, ಆದರೂ ಅನುಮಾನ ಬಂದಿದೆ. "ಇಷ್ಟಾ ಹಾಕ್ತಾರೇನ ಕೂಸಿಗೆ? ಅಂದೆ. ಅದಕ್ಕ ಆಕಿ, ಆಪು ಹೇಳೇತ್ರಿ ಅತ್ತಿ, ಆಪು ಎಂದೂ ತಪ್ಪಂಗಿಲ್ಲ ಅಂದ್ಲು. ನಾ ಸುಮ್ಮನಾದೆ" ಎಂದು ನನಗೆ ಹೇಳಿದರು. ಪಕ್ಕದ ಮನೆಯವರನ್ನು ಕೇಳಬಹುದಿತ್ತು ಎಂದು ಬರೆದಿದ್ದೀಯಲ್ಲ. ಮನೆಯಲ್ಲಿದ್ದ ಹಿರಿಯರು ಕೇಳಿದ್ದರು. ನಮ್ಮ ಮೇಲಿನ ನಂಬಿಕೆ ಅವರ ಬಾಯಿ ಮುಚ್ಚಿಸಿತು.

ಸಂಜೆಗೆ ಕೂಸು ಹಾಲು ಕುಡಿಯಲಿಲ್ಲ, ವಾಂತಿ ಮಾಡಿತು. ದವಾಖಾನೆಯಲ್ಲಿ ನಾಲ್ಕು ದಿನ ಕೈಗೆ ಸೂಜಿ ಚುಚ್ಚಿ ಮಲಗಿಸಿದ್ದರು. ಇನ್ನೊಂದು ದಿನ ಹೀಗೇ ಹಾಕಿದ್ದರೆ ಈರುಳ್ಳಿ ಗಾತ್ರದ ಆ ಯಕೃತ್ತು ಉಳಿಯುತ್ತಿರಲಿಲ್ಲ ಎಂದರಂತೆ. ಈಗ ಚೆನ್ನಾಗಿದೆ. ನೋಡು, ಬರೆದಿದ್ದೇನೆ.

ನಾನು ಯಾರೆಂದು ಅಲ್ಲಿ ಪೂರ್ತಿ ಹೇಳಲಿಲ್ಲ. ಸಹಾಯವಾಣಿಯವಳು ಎಂದಷ್ಟೇ ಹೇಳಿದೆ. ಚಹಾ ಕೊಟ್ಟರು, ಕುಡಿದೆ.

ನಮ್ಮ ಯೋಜನೆಯ ಚರ್ಚೆಯಲ್ಲಿ ಏನು ನಡೆದಿದೆ ನೋಡಿದ್ದೀಯಾ? ಮೂವತ್ತೆಂಟು ಮೆಸೇಜು. ಔಷಧಕ್ಕೆಲ್ಲ ನಮ್ಮ ಆಪನ್ನು ಬಳಸಬಾರದು ಎಂಬ ಒಂದು ಸಾಲು ಸೇರಿಸಿದರೆ ಸಾಕು ಎಂದು ಒಬ್ಬರು. ಡಾಕ್ಟರು ಕನ್ನಡ ಅಂಕಿ ಬರೆದದ್ದೇ ತಪ್ಪು ಎಂದು ಇನ್ನೊಬ್ಬರು. ವಿಜಯೇಂದ್ರ ಸರ್ ನನಗೆ ಫೋನ್ ಮಾಡಿ, "ತಸ್ಲೀಮ್, ಇದನ್ನ ದೊಡ್ಡದು ಮಾಡಬ್ಯಾಡವಾ. ಕೂಸು ಆರಾಮ ಅದ ಅಲ್ಲ? ಮುಂದಿನ ತಿಂಗಳ ಪ್ರಶಸ್ತಿದ ಮಾತು ನಡದದ" ಎಂದರು. ಆ ಫೋನನ್ನು ಕಿವಿಗೆ ಹಿಡಿದಿದ್ದಕ್ಕೂ ಅಸಹ್ಯವಾಯಿತು.

ಯಾರು ಕೇಳದೆ ಯಾರ ಹೆಸರಿನಲ್ಲಿ ಪಾಸ್ ಹಾಕಿದರು ಎಂಬುದನ್ನು ನಾನು ಬಯಲಿನಲ್ಲೇ ಬರೆಯುತ್ತೇನೆ. ನಿನಗೆ ಮೊದಲೇ ತಿಳಿಸಬೇಕೆಂದು ಈ ಪತ್ರ. ಪಾಸ್‌ವರ್ಡ್ ಬದಲಿಸಿದ್ದೇನೆ.

ತಸ್ಲೀಮ್


ರಾಣೇಬೆನ್ನೂರು
೨ ಸೆಪ್ಟೆಂಬರ್ ೨೦೨೪

ತಸ್ಲೀಮ್,

ಬರೆ. ನಾನು ಅಡ್ಡ ಬರುವುದಿಲ್ಲ. ಆದರೆ ಬರೆಯುವುದಾದರೆ ಪೂರ್ತಿ ಬರೆ.

ನಿನ್ನ ಪತ್ರ ಬಂದ ಮೇಲೆ ಎರಡು ದಿನ ರಜೆ ಹಾಕಿ ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡಿದೆ. ನನ್ನ ತಪ್ಪು ಸಣ್ಣದಾಗಿ ಕಾಣುವಂಥ ಏನಾದರೂ ಸಿಗಲಿ ಎಂಬ ಆಸೆಯಿಂದಲೇ ನೋಡಿದೆ, ಸುಳ್ಳು ಯಾಕೆ ಹೇಳಲಿ. ಸಿಕ್ಕಿತು. ಪ್ರತಿ ಟಿಕ್ಕಿಗೂ ಗಂಟೆ, ನಿಮಿಷ ದಾಖಲಾಗಿರುತ್ತದೆ. ಮಾರ್ಚಿನ ಆವೃತ್ತಿ ತೆಗೆದು ನೋಡು. ಮೂವತ್ತರಿಂದ ತೊಂಬತ್ತೊಂದರವರೆಗೆ ಅರವತ್ತೆರಡು ಪರೀಕ್ಷೆಗಳಿಗೆ ನೀನು ನಾಲ್ಕು ನಿಮಿಷದಲ್ಲಿ ಪಾಸ್ ಹಾಕಿದ್ದೀಯ. ಅಷ್ಟನ್ನು ಕೇಳಿ ಮುಗಿಸಲು ಒಂದು ಗಂಟೆಯಾದರೂ ಬೇಕು. ಅದರ ಹಿಂದಿನ ನವೆಂಬರಿನದರಲ್ಲೂ ಹಾಗೆಯೇ.

ನೆನಪಿದೆಯಾ, ನಾನು ಆಗ ಫೋನಿನಲ್ಲಿ ಕೇಳಿದ್ದೆ, ಇಷ್ಟು ಲಗೂ ಹೆಂಗ ಆತು ಅಂತ. "ಅಂಕಿ ಭಾಗದಾಗ ಯಾರೂ ಕೈ ಹಾಕಿಲ್ಲಲೇ. ಹ್ವಾದ ಸಲ ಪಾಸ್ ಆಗೈತಿ, ಈ ಸಲಾನೂ ಆಗತೈತಿ. ಪ್ರತಿ ಸಲ ಕೇಳಿಕೋತ ಕುಂತ್ರ ನಮ್ಮ ಜನ್ಮ ಮುಗೀತೈತಿ" ಎಂದು ನೀನು ನಕ್ಕೆ. ನಾನು ಕಲಿತದ್ದು ಅಲ್ಲಿ.

ಇದರಿಂದ ನನ್ನ ಹೊಲಸು ತೊಳೆದುಹೋಗುವುದಿಲ್ಲ ಎಂದು ಗೊತ್ತು. ನಿನ್ನ ಹೆಸರು ಹಾಕಿದ್ದು ಯಾಕೆಂದರೆ ನನ್ನ ಹೆಸರಿಗಿಂತ ಅದನ್ನು ಜನ ಹೆಚ್ಚು ನಂಬುತ್ತಾರೆ. ಅದನ್ನು ಯೋಚಿಸಿಯೇ ಮಾಡಿದೆ. ಲೈಸೆನ್ಸಿನ ಮಾತು, ಪಕ್ಕದ ಮನೆಯ ಮಾತು, ಹೋದ ಪತ್ರದಲ್ಲಿ ನಾನು ಬರೆದದ್ದು ನೆನಪಾದರೆ ನನಗೇ ಹೇಸಿಗೆಯಾಗುತ್ತದೆ.

ಇತ್ತೀಚೆಗೆ ಮನೆಯಲ್ಲಿ ಯಾರೊಂದಿಗೂ ಹೆಚ್ಚು ಮಾತಾಡುತ್ತಿಲ್ಲ. ಅಪ್ಪ ಏನಾಯಿತೆಂದು ಕೇಳಿದರು. ಗಂಟಲು ನೋವು ಎಂದೆ.

ಧನಶ್ರೀ


ಹಾವೇರಿ
೭ ಅಕ್ಟೋಬರ್ ೨೦೨೪

ಧನಶ್ರೀ,

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಓದಿದ ದಿನ ಮಾರ್ಚಿನ ದಾಖಲೆ ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ. ನೀನು ಸುಳ್ಳು ಬರೆದಿದ್ದೀಯ ಎಂದು ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಆಮೇಲೆ ತೆರೆದೆ. ನಾಲ್ಕು ನಿಮಿಷವೂ ಅಲ್ಲ, ಮೂರು ನಿಮಿಷ ಐವತ್ತು ಸೆಕೆಂಡು.

ಆ ದಿನ ಏನಾಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಕಾಯಿಲೆ, ಸಾವು, ಪರೀಕ್ಷೆಯ ಡ್ಯೂಟಿ, ಏನಾದರೂ ಇದ್ದಿರಬೇಕು ಅಂದುಕೊಂಡೆ. ಏನೂ ಇರಲಿಲ್ಲ. ಮನೆಯಲ್ಲಿದ್ದೆ. ಬೇಸರವಾಗಿತ್ತು, ಅಷ್ಟೆ. ಬೆರಳು ಒತ್ತುತ್ತ ಹೋಯಿತು. ಆ ಎರಡು ಆವೃತ್ತಿಗಳಲ್ಲಿ ಅಂಕಿ ತಪ್ಪದೆ ಇದ್ದದ್ದು ನಮ್ಮ ಅದೃಷ್ಟ. ಅದನ್ನು ನಾನು ಗುಣಮಟ್ಟ ಅಂದುಕೊಂಡು ವರ್ಷಗಟ್ಟಲೆ ಮೆರೆದೆ. ಕಾಲೇಜಿನ ಹುಡುಗಿಯರಿಗೆ ಇದರ ಮೇಲೆಯೇ ಭಾಷಣ ಮಾಡಿದ್ದೇನೆ.

ನಿನ್ನ ಮೇಲೆ ಬಂದ ಹೇಸಿಗೆ ಬರೆದು ತೀರಿಸಿಕೊಳ್ಳುವಂಥದ್ದಾಗಿತ್ತು. ಇದು ಹಾಗಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿರುತ್ತದೆ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಇವತ್ತು ಮಧ್ಯಾಹ್ನ ಚರ್ಚೆಯಲ್ಲಿ ಹಾಕಿದ್ದರ ಪ್ರತಿ. ನಿನ್ನ ಹನ್ನೊಂದೂ ಅದರಲ್ಲಿದೆ, ನನ್ನ ಅರವತ್ತೆರಡೂ ಇದೆ. ಯಾರ ಹೆಸರನ್ನೂ ಮೆತ್ತಗೆ ಮಾಡಿಲ್ಲ. ರೇಣುಕವ್ವನ ಹೆಸರು ಮಾತ್ರ ಬಿಟ್ಟಿದ್ದೇನೆ. ವಿಜಯೇಂದ್ರ ಸರ್ ಹತ್ತು ನಿಮಿಷದಲ್ಲೇ ಅದನ್ನು ಅಳಿಸಿದರು. ಮತ್ತೆ ಹಾಕಿದೆ. ಮತ್ತೆ ಅಳಿಸಿದರು. ಮೂರನೆಯ ಸಲ ಹಾಕುವ ಹೊತ್ತಿಗೆ ಬೇರೆ ಬೇರೆ ಊರಿನ ಏಳೆಂಟು ಜನ ಪ್ರತಿ ಮಾಡಿಕೊಂಡಾಗಿತ್ತು. ಬಯಲು ಎಂದ ಮೇಲೆ ಬಯಲೇ.

ಸಂಜೆ ಬ್ಯಾಡಗಿಗೆ ಫೋನ್ ಮಾಡಿ ರೇಣುಕವ್ವನಿಗೂ ಹೇಳಿದೆ. ಪಾಸ್ ಎಂದು ಬರೆದಿದ್ದ ಹೆಸರು ನನ್ನದು, ಕೇಳದೆ ಹಾಕುವುದನ್ನು ಶುರು ಮಾಡಿದವಳು ನಾನು ಎಂದೆ. ಹಿಂದೆ ಕೂಸಿನ ಸದ್ದು ಕೇಳುತ್ತಿತ್ತು. ಕೊನೆಗೆ, "ಅವತ್ತ ಮನೀಗೆ ಬಂದು ಚಾ ಕುಡದು ಹ್ವಾದ್ರಿ. ಅವತ್ತ ಯಾಕ ಹೇಳಲಿಲ್ಲ?" ಎಂದು ಫೋನ್ ಇಟ್ಟರು.

ತಸ್ಲೀಮ್


ರಾಣೇಬೆನ್ನೂರು
೩೦ ಅಕ್ಟೋಬರ್ ೨೦೨೪

ತಸ್ಲೀಮ್,

ನಿನ್ನೆ ಬ್ಯಾಡಗಿಗೆ ಹೋಗಿ ಬಂದೆ. ನಿನಗೇ ಬರೆಯಬೇಕು, ಇನ್ನು ಯಾರಿಗೂ ಇದನ್ನು ಹೇಳಲಾಗುವುದಿಲ್ಲ.

ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ ಮೆಣಸಿನಕಾಯಿ ಹರವಿಕೊಂಡು ರೇಣುಕವ್ವ ಒಬ್ಬರೇ ತೊಟ್ಟು ಬಿಡಿಸುತ್ತಿದ್ದರು. ಮಡಿಲಲ್ಲಿ ಫೋನ್ ಇತ್ತು. ಕೂಸು ಒಳಗೆ ಬೀರವ್ವನ ಹತ್ತಿರ. ನಾನು ಹೊಸ್ತಿಲಲ್ಲಿ ನಿಂತು, "ನಮಸ್ಕಾರ್ರಿ. ನಾನು ರಾಣೇಬೆನ್ನೂರಿಂದ ಬಂದೀನಿ" ಎಂದೆ.

ರೇಣುಕವ್ವ ಮಡಿಲಿಗೆ ಕೈ ಹಾಕಿ, ಫೋನನ್ನು ತಡವಿ ಆರಿಸಿದರು. ಫೋನೇ ತಾನಾಗಿ ಏನೋ ಓದಿತು ಎಂದುಕೊಂಡಿದ್ದರು.

ಓಡಿ ಹೋಗಬೇಕೆನಿಸಿತು. ಆದರೂ ಇನ್ನೊಮ್ಮೆ, "ಅಕ್ಕಾರ, ಫೋನ್ ಅಲ್ಲರಿ. ನಾನು" ಎಂದೆ.

ಅವರ ಕೈ ನಿಂತಿತು. "ಈ ದನಿ" ಎಂದರು. ಆಮೇಲೆ, "ಐದು ಅಂದಾಕಿ ನೀನ ಏನು?" ಎಂದರು.

"ಹೌದ್ರಿ."

"ಹತ್ರ ಬಾ. ಇಲ್ಲೆ ಕುಂದ್ರು." ಕೂತೆ. "ಈಗ ಅನ್ನು. ಡಾಕ್ಟರು ಬರದದ್ದು ಏನು, ಅದನ್ನ ಅನ್ನು."

"ಸೊನ್ನೆ ಬಿಂದು ಐದು" ಎಂದೆ.

"ಮತ್ತೊಮ್ಮೆ."

ಎಷ್ಟು ಸಲ ಅನ್ನಿಸಿದರೋ ಲೆಕ್ಕವಿಲ್ಲ. ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಬರುತ್ತಿತ್ತು, ನಡುವೆ ಕೆಮ್ಮಿ ಮತ್ತೆ ಅಂದೆ. ಒಳಗಿನಿಂದ ಬೀರವ್ವ ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಕೊನೆಗೆ ರೇಣುಕವ್ವ, "ಈಗ ಬರತೈತಲ್ಲ. ಅವತ್ತ ಯಾಕ ಬರಲಿಲ್ಲ?" ಎಂದರು.

ಕಂಪ್ಯೂಟರು, ಸಂಖ್ಯೆಯ ಭಾಗ, ಎರಡು ಸಾಲು, ಯಾವುದನ್ನೂ ಹೇಳಲಿಲ್ಲ. "ಕೇಳಿ ನೋಡಬೇಕಾಗಿತ್ತು. ಕೇಳಲಿಲ್ಲರಿ" ಎಂದೆ.

ಆಮೇಲೆ ನಾನು ನಿರ್ಧಾರ ಮಾಡಿಕೊಂಡು ಹೋಗಿದ್ದನ್ನು ಹೇಳಿದೆ. ಓದುದನಿಯಿಂದ ನನ್ನ ದನಿಯನ್ನು ಪೂರ್ತಿ ತೆಗೆಸುತ್ತೇನೆ, ಕೆಲಸವನ್ನೂ ಬಿಡುತ್ತೇನೆ, ಇನ್ನು ಮೇಲೆ ನೀವು ನನ್ನ ದನಿ ಕೇಳುವ ಹಾಗಾಗುವುದಿಲ್ಲ ಎಂದೆ. ಅವರಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ.

ಸಿಟ್ಟಾದದ್ದು ಆಗಲೇ. "ತಗದು? ನಾ ಯಾವುದರಾಗ ಓದ್ಲಿ? ಬ್ಯಾರೆ ಆಪಿನ ಕನ್ನಡ ನನ್ನ ಕಿವಿಗೆ ಕುಂದ್ರಂಗಿಲ್ಲ. ಎರಡು ವರ್ಷ ನಿನ್ನ ದನಿ ರೂಢಿ ಮಾಡಿಕೊಂಡೇನಿ. ಈಗ ಅದನ್ನ ಕೇಳಿದರ ಹೇಸಿಗಿ ಬರತೈತಿ, ಖರೇ ಹೇಳ್ತೇನಿ. ಆದ್ರೂ ದಿನಾ ಕೇಳಾಕತ್ತೇನಿ. ಇವತ್ತ ಕೂಸಿನ ಸೂಜಿದ ತಾರೀಖು ಓದಿಸೀನಿ. ನೀ ತಗದ್ರ ನಿನಗ ಹಗುರಾಗತೈತಿ. ನನಗೇನಾಗತೈತಿ?"

ತಸ್ಲೀಮ್, ನಮಗೆ ಅಸಹ್ಯಪಟ್ಟುಕೊಂಡು ದೂರ ಸರಿಯುವುದಕ್ಕೆ ಜಾಗ ಇದೆ. ಅವರಿಗೆ ಅದೂ ಇಲ್ಲ. ಇದು ನನಗೆ ಗೊತ್ತೇ ಇರಲಿಲ್ಲ.

ಏಳುವಾಗ ಕೂಸು ನನ್ನ ದನಿಗೆ ತಿರುಗಿ ನೋಡಿತು. ದಿನವೂ ಕೇಳುತ್ತದಲ್ಲ. ಬೀರವ್ವ ಅದರ ಮುಖವನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದರು.

ಧನಶ್ರೀ


ಹಾವೇರಿ
೨೪ ನವೆಂಬರ್ ೨೦೨೪

ಧನಶ್ರೀ,

ನಿನ್ನ ಪತ್ರಕ್ಕೆ ಉತ್ತರ ಎಂದು ಏನನ್ನೂ ಬರೆಯಲಾರೆ. ಬೀರವ್ವ ಸೆರಗು ಮುಚ್ಚಿದ್ದು ಸರಿ. ನಾನಿದ್ದರೂ ಮುಚ್ಚುತ್ತಿದ್ದೆ.

ಕೆಲಸದ ಮಾತು ಬರೆಯುತ್ತೇನೆ. ಅಂಕಿಯ ತಪ್ಪನ್ನು ನೀನು ಸರಿಮಾಡಿ ಕಳಿಸಿದ ಆವೃತ್ತಿಯನ್ನು ಡಿಸೆಂಬರ್ ಮೂರರ ಅಂಗವಿಕಲರ ದಿನಾಚರಣೆಗೆ ಬಿಡುಗಡೆ ಮಾಡಬೇಕೆಂದು ವಿಜಯೇಂದ್ರ ಸರ್ ಹಿಂದೆ ಬಿದ್ದಿದ್ದರು. ನಾಲ್ಕು ದಿನ ಕಾಲೇಜಿಗೆ ರಜೆ ಹಾಕಿ ಕೂತೆ. ಬಾಗಿಲು ಹಾಕಿಕೊಂಡು ಒಂದರಿಂದ ಶುರು ಮಾಡಿದೆ.

ಮೊದಲ ದಿನ ಹದಿನಾರು ಪರೀಕ್ಷೆಗಿಂತ ಹೆಚ್ಚು ಆಗಲಿಲ್ಲ. ನಿನ್ನ ದನಿ ಕಿವಿಗೆ ಬಿದ್ದ ಕೂಡಲೇ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದೆ. ಎರಡನೆಯ ದಿನ ಅಮ್ಮಿ ಪಕ್ಕದಲ್ಲಿ ಬಂದು ಕೂತರು. ಆಪರೇಷನ್ ಆದರೂ ಅವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಕಿವಿ ಮಾತ್ರ ಚುರುಕು. ನನಗೆ ಸರಿ ಎನಿಸಿದ ಎರಡನ್ನು ಅವರು ತಪ್ಪೆಂದರು. ಮತ್ತೆ ಓದಿಸಿದೆ. ಅವರೇ ಸರಿ. ಹೀಗೆ ನಾಲ್ಕನೆಯ ದಿನ ಮಧ್ಯಾಹ್ನ ಇನ್ನೂರ ಹದಿನಾಲ್ಕು ಮುಗಿಯಿತು. ಒಂದನ್ನೂ ಬಿಟ್ಟಿಲ್ಲ. ಗಂಟೆ, ನಿಮಿಷ ದಾಖಲೆಯಲ್ಲಿದೆ, ನೋಡಿಕೊ.

ಒಂಬತ್ತು ಫೇಲ್. ಒಂದು ತಪ್ಪಿನಲ್ಲಿ ಹನ್ನೆರಡೂವರೆ ಗಂಟೆಯನ್ನು ಎರಡೂವರೆ ಎಂದು ಓದುತ್ತದೆ. ಇನ್ನೊಂದರಲ್ಲಿ "ಬೇಡ" ಎಂಬುದು ಸಾಲಿನ ಕೊನೆಯಲ್ಲಿದ್ದರೆ ನುಂಗಿಬಿಡುತ್ತದೆ. "ಊಟಕ್ಕೆ ಮೊದಲು ತೆಗೆದುಕೊಳ್ಳುವುದು ಬೇಡ" ಎಂದು ಬರೆದರೆ, ತೆಗೆದುಕೊಳ್ಳುವುದು ಎಂದಷ್ಟೇ ಕೇಳಿಸುತ್ತದೆ. ಇದು ಹೊಸ ತಪ್ಪಲ್ಲ. ನವೆಂಬರಿನಿಂದ, ಅಂದರೆ ಒಂದು ವರ್ಷದಿಂದ ಹೀಗೇ ಓದುತ್ತಿದೆ. ಅದು ಎಂಬತ್ತೆಂಟನೆಯ ಪರೀಕ್ಷೆ. ನಾನು ಬೆರಳು ಒತ್ತುತ್ತ ದಾಟಿದ ಅರವತ್ತೆರಡರಲ್ಲಿ ಒಂದು. ಒಂದು ವರ್ಷ ಎಷ್ಟು ಮನೆಗಳಲ್ಲಿ ಎಷ್ಟು "ಬೇಡ"ಗಳನ್ನು ನುಂಗಿದೆಯೋ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಅದನ್ನು ಕಂಡುಹಿಡಿದ ಹೊತ್ತಿನಲ್ಲಿ ಅಮ್ಮಿ ನನ್ನ ಪಕ್ಕದಲ್ಲಿದ್ದರು, ಅವರಿಗೆ ಮುಖ ತೋರಿಸಲಾಗಲಿಲ್ಲ.

ಬಳಸುವವರಿಗೆಲ್ಲ ಇವತ್ತೇ ಧ್ವನಿಸಂದೇಶ ಕಳಿಸಿದ್ದೇನೆ. ಯಾವ ಯಾವ ಮಾತು ತಪ್ಪಾಗಿ ಕೇಳಿಸುತ್ತದೆ, ಎಲ್ಲಿ ಇನ್ನೊಬ್ಬರನ್ನು ಕೇಳಬೇಕು ಎಂದು ನನ್ನ ದನಿಯಲ್ಲೇ ಹೇಳಿದ್ದೇನೆ, ಹೆಸರು ಹೇಳಿ.

ವಿಜಯೇಂದ್ರ ಸರ್ ಮನೆಗೇ ಬಂದಿದ್ದರು. "ಒಂಬತ್ತ ಅಲ್ಲ? ಎರಡು ನೂರಾ ಐದು ಪಾಸ್ ಆಗ್ಯಾವಲ್ಲ, ಭಾಳ ಆತು. ಕಾರ್ಯಕ್ರಮ ಆಗಲಿ, ಆಮ್ಯಾಲೆ ಸರಿ ಮಾಡೋಣ" ಎಂದರು. ಸನ್ಮಾನ ಮಾಡುವವರೂ ಪೇಪರಿನವರೂ ಬರುತ್ತಾರಂತೆ. "ಬಿಡುಗಡಿ ಇಲ್ಲರಿ" ಎಂದೆ. ಬೇರೆ ಯಾರನ್ನಾದರೂ ಸಹಿ ಹಾಕಲು ಹುಡುಕುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ನಾಳೆ ನಿನ್ನಲ್ಲಿಗೆ ಬರುತ್ತಾರೆ. ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕದೆ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಕೆಲಸ ಬಿಡಬೇಡ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಇದರ ಅರ್ಥವಲ್ಲ, ನಿನ್ನ ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ. ನನ್ನ ನೆನಪಿಗೂ ಅದೇ ಕಹಿ. ಆದರೆ ಕೇಳಿ ನೋಡಲು ಇಬ್ಬರು ಬೇಕು, ಹೊರಗಿನಿಂದ ಯಾರನ್ನೂ ತಂದು ಕೂರಿಸಲು ನನಗೆ ಈಗ ಧೈರ್ಯವಿಲ್ಲ. ಕೇಳದಿದ್ದರೆ ಏನಾಗುತ್ತದೆಂದು ನಾವಿಬ್ಬರಾದರೂ ಕಂಡಿದ್ದೇವೆ.

ದಾಖಲೆಯಲ್ಲಿ ಈ ಸಲ ಎರಡು ಸಹಿಗೆ ಜಾಗ ಮಾಡಿದ್ದೇನೆ, ಎರಡನೆಯದು ಖಾಲಿ ಇದೆ. ಸರ್ ಬರುವ ಮೊದಲು ಆ ಒಂಬತ್ತನ್ನೂ ಕೂತು ಕೇಳು. ನಿನ್ನದೇ ದನಿ, ಕೇಳಲಾಗದಿದ್ದರೂ ಕೇಳು. ಕೇಳಿದ ಮೇಲೆ ಫೇಲ್ ಎಂದು ಬರೆ, ಕೆಳಗೆ ನಿನ್ನ ಹೆಸರು ಹಾಕು.

ತಸ್ಲೀಮ್